ಸುಂಕದವರ ಮುಂದೆ ಹಾಲುಗಂಬ

ವಿದ್ಯಾರಣ್ಯಪುರಂ: ಗಂಟು ಕಟ್ಟಿದ್ದು

ನಾನು ನ್ಯೂಜಿಲೆಂಡಿಗೆ ಹೋಗಿ ಬಂದೆ ಎಂದು ಗೊತ್ತಾದ ದಿನದಿಂದ ಮೈಸೂರಿನ ದೇವರಾಜ ಮೊಹಲ್ಲಾದ ನಮ್ಮ ಸಾಲಿನ ಅಂಗಡಿಯವರೆಲ್ಲ ನನ್ನ ಫೋನಿಗೆ ಕೈ ಹಾಕುತ್ತಿದ್ದಾರೆ. ಹಿಮದ ಬೆಟ್ಟ ತೋರಿಸಿ, ಕುರಿಮಂದೆ ತೋರಿಸಿ, ಸಮುದ್ರ ತೋರಿಸಿ ಎನ್ನುತ್ತಾರೆ. ಅವೆಲ್ಲ ಇವೆ. ನನ್ನ ಹೆಂಡತಿ ಸರೋಜ ತೆಗೆದ ಫೋಟೋಗಳು, ಪ್ರತಿಯೊಂದರ ಮೂಲೆಯಲ್ಲೂ ಅವಳ ಹೆಬ್ಬೆರಳಿದೆ. ಆದರೆ ಆ ದೇಶದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಜಾಗದ ಫೋಟೋ ಒಂದೂ ಇಲ್ಲ, ಅಲ್ಲಿ ಫೋಟೋ ತೆಗೆಯುವಂತಿಲ್ಲ. ಅದೊಂದು ಸ್ಟೀಲು ಮೇಜು. ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಹೊರಗಿನಿಂದ ಬಂದವರ ಸಾಮಾನು ಬಿಚ್ಚಿ ನೋಡುವ ಮೇಜು. ಪಾತ್ರೆ ಅಂಗಡಿಯವನಾಗಿ ಹೇಳುತ್ತೇನೆ, ಒಳ್ಳೆಯ ದಪ್ಪ ಸ್ಟೀಲು.

ನಾವು ಹೋದದ್ದು ನನ್ನ ಅಕ್ಕ ಭಾಗ್ಯಳ ಮಗಳು ಚೈತ್ರಳ ಮದುವೆಗೆ. ಚೈತ್ರ ಅಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸು. ಹುಡುಗನ ಮನೆಯವರು ಹಾಸನದ ಕಡೆಯವರು, ಅಲ್ಲಿಗೆ ಹೋಗಿ ನೆಲೆಸಿ ಬಹಳ ಕಾಲವಾಗಿದೆ. ಅಕ್ಕ ನಮಗಿಂತ ಮೊದಲೇ ಹೋಗಿ ಮಗಳ ಮನೆಯಲ್ಲಿ ಮದುವೆಯ ತಯಾರಿ ನಡೆಸಿದ್ದಳು. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅವಳ ಫೋನು ಬಂತು. ದನಿ ಸರಿಯಿರಲಿಲ್ಲ.

"ಲೋ ನಂಜುಂಡ, ಬೀಗರ ಮನೆ ದೊಡ್ಡಮ್ಮ ಒಂದು ಮಾತು ಅಂದ್ಬುಟ್ರು ಕಣೋ. ಹುಡುಗೀಗೆ ಅರಿಶಿನ ಹಚ್ಚೋದ್ನ ಯಾರಾದ್ರೂ ಮುತ್ತೈದೆ ಶುರು ಮಾಡ್ಲಿ, ನೀವು ಆಚೆ ಕೂತ್ಕೊಂಡಿರಿ ಅಂತ."

ಭಾವ ತೀರಿಕೊಂಡ ಮೇಲೆ ಚೈತ್ರಳನ್ನು ಓದಿಸಿ ದಡ ಸೇರಿಸಿದವಳು ಅಕ್ಕ ಒಬ್ಬಳೇ. ನನಗೆ ಮೈಯೆಲ್ಲ ಉರಿದುಹೋಯಿತು. ನೀನೇನಂದೆ ಎಂದು ಕೇಳಿದೆ.

"ನನ್ ಮಗಳಿಗೆ ಮೊದಲ್ನೇ ಅರಿಶಿನ ನಾನೇ ಹಚ್ಚೋದು ಅಂದೆ. ನನ್ ತಮ್ಮ ಹಾಲುಗಂಬ ತತ್ತಾನೆ, ನನ್ ತವರಿನ ಕಂಬ ನೆಟ್ಟ ಚಪ್ಪರದಲ್ಲಿ ನನ್ನ ಆಚೆ ಕೂರ್ಸೋರು ಯಾರು ಅಂತ ಕೇಳ್ದೆ. ನೀನು ತರ್ಲಿಲ್ಲ ಅಂದ್ರೆ ನನ್ ಮಾತು ಮಣ್ಣಾಯ್ತದೆ, ನೋಡು."

ಹಾಲುಗಂಬ ಎಂದರೆ ಏನೆಂದು ಪೇಟೆಯಲ್ಲೇ ಬೆಳೆದವರಿಗೆ ಹೇಳಬೇಕಾದೀತು. ನಮ್ಮ ಜನದಲ್ಲಿ ಮದುವೆಯ ಹಿಂದಿನ ದಿನ, ಕಡಿದರೆ ಹಾಲು ಒಸರುವ ಮರದ ಕೊಂಬೆಯೊಂದನ್ನು ಹುಡುಗಿಯ ಸೋದರಮಾವ ತನ್ನ ಕೈಯಾರೆ ಕಡಿದು ತಂದು ಚಪ್ಪರದಲ್ಲಿ ನೆಡಬೇಕು. ಅತ್ತಿಯೋ ಆಲವೋ ಯಾವುದಾದರೂ ಆದೀತು, ಹಾಲಿರಬೇಕು. ಅದಕ್ಕೆ ಪೂಜೆಯಾದ ಮೇಲೆಯೇ ಅರಿಶಿನ. ಈ ಹುಡುಗಿಯ ಹಿಂದೆ, ಇವಳ ತಾಯಿಯ ಹಿಂದೆ ಒಂದು ತವರಿದೆ ಎಂದು ನಾಲ್ಕು ಜನರ ಮುಂದೆ ಸಾರುವ ಕಂಬ ಅದು. ಅಕ್ಕನ ಮಾನ ಈಗ ಒಂದು ಕೊಂಬೆಯ ಮೇಲೆ ನಿಂತಿತ್ತು.

ನಾನು ಊರಿಗೆ ಹೋಗಿ ಹೊಲದ ಬದುವಿನ ಅತ್ತಿಮರದಿಂದ ತೋಳುದ್ದದ ಕೊಂಬೆ ಕಡಿದು ತಂದೆ. ಸರೋಜ ಅದನ್ನು ಒದ್ದೆ ಪಂಚೆಯಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿ ಮಲಗಿಸಿದಳು. ಅದರ ಮೇಲೆ ಅವ್ವ ಮನೆಯಲ್ಲೇ ಕುಟ್ಟಿ ಜರಡಿ ಹಿಡಿದ ಅರಿಶಿನದ ಪುಡಿ, ಕಂಕಣಕ್ಕೆ ಅರಿಶಿನದ ಕೊಂಬು, ಬೆಂಡಿನ ಬಾಸಿಂಗ, ಜುಟ್ಟಿನ ತೆಂಗಿನಕಾಯಿ, ಮೈಸೂರು ವೀಳ್ಯದೆಲೆ, ತುಪ್ಪ, ಕೋಡುಬಳೆ. ತೂಕ ಹೆಚ್ಚಾದೀತೆಂದು ಹೆದರಿದೆವು, ಕೊಂಬೆ ಬಾಡೀತೆಂದು ಹೆದರಿದೆವು, ರಾಹುಕಾಲದಲ್ಲಿ ಹೊರಡಬೇಕಾದೀತೆಂದು ಹೆದರಿದೆವು. ಒಂದು ಮರವನ್ನು ಇನ್ನೊಂದು ದೇಶದೊಳಗೆ ಬಿಡುತ್ತಾರೆಯೇ ಎಂಬ ಪ್ರಶ್ನೆ ಮಾತ್ರ ನಮ್ಮ ಮನೆಯ ಯಾರ ತಲೆಗೂ ಬರಲಿಲ್ಲ. ಸೋದರಮಾವ ಕಂಬ ತರುವಾಗ ತಡೆಯುವವರು ಇರುತ್ತಾರೆ ಎಂಬುದು ನಮ್ಮ ಲೆಕ್ಕದಲ್ಲೇ ಇರಲಿಲ್ಲ.

ಆ ಪ್ರಶ್ನೆ ಎತ್ತಿದವರು ಪಕ್ಕದ ಮನೆಯ ಫಿಲೋಮಿನಾ ಟೀಚರು. ಅವರು ತಮ್ಮ ತಂಗಿಯನ್ನು ನೋಡಲು ಒಮ್ಮೆ ಆ ದೇಶಕ್ಕೆ ಹೋಗಿಬಂದವರು. ಸೂಟ್‌ಕೇಸು ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

"ಇದನ್ನೆಲ್ಲ ಅಲ್ಲಿ ಹೇಳ್ಬೇಕು ಕಣ್ರೀ. ಅವರು ತಂದಿದ್ದಕ್ಕೆ ಬಯ್ಯಲ್ಲ, ಮುಚ್ಚಿಟ್ಟಿದ್ದಕ್ಕೆ ದಂಡ ಹಾಕ್ತಾರೆ. ಒಂದೂ ಬಿಡದೆ ಹೇಳ್ಬುಡಿ."

ಅಂಗಡಿ ಸಾಲಿನ ಬುದ್ಧಿವಾದ ಬೇರೆಯೇ ಇತ್ತು. ಎದುರಿನ ಬಟ್ಟೆ ಅಂಗಡಿಯವರು ಕೈ ಬೀಸಿ, "ಏನ್ ಕೇಳಿದ್ರೂ ಇಲ್ಲ ಅಂತ ಒತ್ಬುಡಿ ಸಾವ್ಕಾರ್ರೇ, ಯಾರು ನೋಡ್ತಾರೆ" ಎಂದರು. ಕೇಳಿದ್ದಕ್ಕಿಂತ ಹೆಚ್ಚು ಹೇಳುವುದು ವ್ಯಾಪಾರಿಯ ಜಾತಕದಲ್ಲೇ ಇಲ್ಲ. ನನಗೂ ಅವರ ಮಾತೇ ಹಿಡಿಸಿತು.

ಸಿಂಗಪುರ: ಹೌದೋ ಅಲ್ಲವೋ

ಸಿಂಗಪುರದ ನಿಲ್ದಾಣದಲ್ಲಿ ಮುಂದಿನ ವಿಮಾನಕ್ಕೆ ಕಾಯುತ್ತ ಕೂತಾಗ ಫೋನಿನಲ್ಲಿ ಏನೇನು ತರುತ್ತಿದ್ದೇವೆಂದು ಆ ದೇಶಕ್ಕೆ ತಿಳಿಸುವ ಘೋಷಣಾಪತ್ರ ತುಂಬಬೇಕಾಯಿತು. ಅಲ್ಲಿಯ ನೆಲಗಂಬಳಿ ನಮ್ಮ ಮನೆಯ ಹಾಸಿಗೆಗಿಂತ ಮೆತ್ತಗಿತ್ತು. ಸರೋಜ ಚಪ್ಪಲಿ ಬಿಟ್ಟು ಅದರ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಕೈಚೀಲದಲ್ಲಿದ್ದ ಕೋಡುಬಳೆಯ ಪೊಟ್ಟಣ ಬಿಚ್ಚಿದಳು. ಎದುರಿಗೆ ಕೂತಿದ್ದ ಜಪಾನಿನ ದಂಪತಿಗಳು ಒಂದೊಂದು ತೆಗೆದುಕೊಂಡು, ತಿನ್ನುವ ಮೊದಲು ಅದಕ್ಕೇ ತಲೆಬಾಗಿ ವಂದಿಸಿದರು. ಕೋಡುಬಳೆಗೆ ಅಷ್ಟು ಮರ್ಯಾದೆ ಮೈಸೂರಿನಲ್ಲೂ ಸಿಕ್ಕಿಲ್ಲ.

ಪ್ರಶ್ನೆಗಳು ಒಂದೊಂದಾಗಿ ಬಂದವು. ತಿನ್ನುವ ಪದಾರ್ಥ ಇದೆಯೇ? ಹಾಲಿನಿಂದ ಮಾಡಿದ್ದು ಇದೆಯೇ? ಗಿಡ, ಗಿಡದ ಭಾಗ, ಬೀಜ, ಮರ? ನಮ್ಮ ಸೂಟ್‌ಕೇಸನ್ನು ಪಕ್ಕದಲ್ಲಿಟ್ಟುಕೊಂಡೇ ಯಾರೋ ಬರೆದ ಹಾಗಿತ್ತು.

"ಇಲ್ಲ ಅಂತ ಒತ್ರೀ" ಎಂದಳು ಸರೋಜ.

ಬೆರಳು "ಇಲ್ಲ"ದ ಹತ್ತಿರ ಹೋಯಿತು. ಅಲ್ಲೇ ನಿಂತಿತು. ಅಕ್ಕ ನಾಲ್ಕು ಜನರ ಮುಂದೆ ತಲೆಯೆತ್ತಿ ಕೂರಬೇಕೆಂದು ಒಯ್ಯುತ್ತಿರುವ ಕಂಬ ಇದು. ಇದನ್ನೇ ಕಳ್ಳಮಾಲಿನ ಹಾಗೆ ಪಂಚೆಯೊಳಗೆ ಅಡಗಿಸಿಕೊಂಡು ಹೋದರೆ, ನಾಳೆ ಅದರ ಪಕ್ಕ ನಿಂತು ನಾನು ಯಾರ ಮುಖ ನೋಡಲಿ? ಕಂಬ ತಂದವನೇ ಬಗ್ಗಿ ಬಂದರೆ ಅಕ್ಕ ಹೇಗೆ ನೆಟ್ಟಗೆ ಕೂತಾಳು? ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಿಲ್ಲ. ಆ ಸಿಟ್ಟಿನಲ್ಲಿ ಎಲ್ಲದಕ್ಕೂ ಹೌದು, ಹೌದು, ಹೌದು ಎಂದು ಒತ್ತಿಬಿಟ್ಟೆ.

"ನಿಮಗೇನ್ ಬಂದಿರೋದು? ಎಲ್ಲಾನೂ ಕಿತ್ಕೊತಾರೆ ಅಷ್ಟೇಯ" ಎಂದ ಸರೋಜ ಆಕ್ಲೆಂಡಿನವರೆಗೂ ಮಾತು ಬಿಟ್ಟಳು. ಆ ವಿಮಾನದಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡಿದೆ ಎಂದು ಬೇರೆ ಹೇಳಬೇಕಿಲ್ಲ.

ಆಕ್ಲೆಂಡ್: ಡಬ್ಬಿಗಳ ಸಾಲು

ವಿಮಾನದಿಂದ ಇಳಿದು ಒಳಗೆ ನಡೆದರೆ ಹಕ್ಕಿಗಳ ಕೂಗು ಕೇಳುತ್ತದೆ. ತಲೆಯೆತ್ತಿ ಎಷ್ಟು ಹುಡುಕಿದರೂ ಹಕ್ಕಿಯಿಲ್ಲ, ಗೋಡೆಯೊಳಗಿನ ಸ್ಪೀಕರಿನಿಂದ ಬರುವ ದನಿ. ತಮ್ಮ ಕಾಡಿನ ಹಕ್ಕಿಗಳ ಕೂಗನ್ನು ಬಂದವರಿಗೆಲ್ಲ ಮೊದಲು ಕೇಳಿಸಿ, ಆಮೇಲೆ ಇವನ್ನು ಕೊಲ್ಲುವಂಥದ್ದೇನಾದರೂ ತಂದಿದ್ದೀರಾ ಎಂದು ಕೇಳುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ ಅನ್ನಿಸಿತು. ಹೊರಗಿನ ಹುಳ, ಹೊರಗಿನ ರೋಗ ಬಂದರೆ ತಮ್ಮ ಮರ, ತಮ್ಮ ದನಕರು ಉಳಿಯವು ಎಂಬ ಭಯ ಆ ದೇಶದ ಪ್ರತಿ ಗೋಡೆಯ ಮೇಲೂ ಬರೆದಿದೆ.

ಸೂಟ್‌ಕೇಸು ಎತ್ತಿಕೊಂಡು ಬರುವ ದಾರಿಯಲ್ಲಿ ದೊಡ್ಡ ಡಬ್ಬಿಗಳ ಸಾಲಿದೆ. ಹೇಳಲು ಭಯವಿದ್ದರೆ ಇಲ್ಲೇ ಹಾಕಿ ಹೋಗಿ, ಯಾರೂ ಕೇಳುವುದಿಲ್ಲ ಎಂಬ ಏರ್ಪಾಡು. ಅಲ್ಲಿ ನಡೆಯುತ್ತಿದ್ದದ್ದು ನೋಡುವಂತಿತ್ತು. ಸೂಟು ಹಾಕಿದ ಒಬ್ಬ ಯಜಮಾನರು ಬಾಳೆಹಣ್ಣು ಬಿಸಾಡಲು ಮನಸ್ಸಾಗದೆ ನಿಂತಲ್ಲೇ ಗುಳುಂ ಗುಳುಂ ನುಂಗುತ್ತಿದ್ದರು. ಒಬ್ಬ ಚೀನೀ ಅಜ್ಜಿ ಒಣಗಿದ ಅಣಬೆಯ ಪೊಟ್ಟಣವನ್ನು ಒಳಗೆ ಹಾಕಿ, ಮತ್ತೆ ಕೈ ಹಾಕಿ ತೆಗೆದು, ಮೂಸಿ, ಮತ್ತೆ ಹಾಕಿದರು. ಆ ಅಜ್ಜಿಯ ಸಂಕಟ ನನಗೆ ಚೆನ್ನಾಗಿ ಅರ್ಥವಾಯಿತು.

ಸರೋಜ ಮಾತು ಬಿಟ್ಟಿದ್ದನ್ನು ಮರೆತಳು. ವೀಳ್ಯದೆಲೆಯ ಕಟ್ಟು ತೆಗೆದು ಅರ್ಧ ಎಲೆ ನನ್ನ ಬಾಯಿಗೆ, ಅರ್ಧ ತನ್ನ ಬಾಯಿಗೆ ತುರುಕಿ, ಉಳಿದದ್ದನ್ನು ಡಬ್ಬಿಗೆ ಹಾಕಿದಳು. ಅಡಿಕೆ ಸುಣ್ಣ ಇಲ್ಲದ ಎಲೆ ಜಗಿಯುತ್ತ ಇಬ್ಬರೂ ಮೇಕೆಗಳ ಹಾಗೆ ನಿಂತೆವು. ಆಮೇಲೆ ಅವಳು ಸೂಟ್‌ಕೇಸಿನ ತಳಕ್ಕೆ ಕೈ ಹಾಕಿದಳು.

"ಇದ್ನೂ ಹಾಕ್ಬುಡೋಣ ಕಣ್ರೀ. ಯಾರಿಗೂ ಗೊತ್ತಾಗಲ್ಲ. ಅಕ್ಕಂಗೆ ಬಾಡೋಯ್ತು ಅಂದ್ರಾಯ್ತು."

"ಹಾಲುಗಂಬಾನ ಕಸದ ಡಬ್ಬಿಗೆ ಹಾಕೋದಾ? ನಾನು ಹಾಕಲ್ಲ, ನೀನೂ ಹಾಕ್ಬೇಡ."

ಅಷ್ಟರಲ್ಲಿ ಹಸಿರು ಅಂಗಿ ತೊಟ್ಟ ಪುಟ್ಟ ನಾಯಿಯೊಂದು ತನ್ನ ಅಧಿಕಾರಿಯ ಜೊತೆ ಬಂದು, ನಮ್ಮ ಸೂಟ್‌ಕೇಸಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಪಕ್ಕದಲ್ಲಿ ತೆಪ್ಪಗೆ ಕೂತುಬಿಟ್ಟಿತು. ನಮ್ಮ ನಾಯಿಗಳು ಕಳ್ಳರನ್ನು ಕಂಡರೆ ಬೀದಿಗೆಲ್ಲ ಕೇಳುವಂತೆ ಬೊಗಳುತ್ತವೆ. ಇದು ಪಂಕ್ತಿಯ ಊಟಕ್ಕೆ ಕೂತ ನೆಂಟನ ಹಾಗೆ ಕೂತು ನನ್ನ ಮುಖ ನೋಡಿತು. ಸರೋಜ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವರಂತೆ ಸೂಟ್‌ಕೇಸನ್ನು ತಬ್ಬಿ ಹಿಡಿದಳು. ನಾನು ಘೋಷಣೆಯ ಸಾಲು ಎಲ್ಲಿ ಎಂದು ಆ ಅಧಿಕಾರಿಯನ್ನೇ ಕೇಳಿದೆ. ಅವರು ನಗುತ್ತ ಎಡಗಡೆಗೆ ಕೈ ತೋರಿಸಿ, ನಾಯಿಗೆ ಜೇಬಿನಿಂದ ತಿಂಡಿ ಕೊಟ್ಟರು.

ಸ್ಟೀಲು ಮೇಜಿನ ಮುಂದೆ

ಮೇಜಿನ ಆಚೆ ನಿಂತಿದ್ದ ಅಧಿಕಾರಿ ಹೆಂಗಸು. ಅಗಲ ಭುಜ, ನರೆತ ಕೂದಲಿನ ದಪ್ಪ ಗಂಟು, ಎದೆಯ ಮೇಲಿನ ಪಟ್ಟಿಯಲ್ಲಿ ಮೆರೆ ಎಂಬ ಹೆಸರು. ಆ ನಾಡಿನ ಮೂಲದವರಾದ ಮಾವೊರಿ ಜನದವರು ಎಂದು ಆಮೇಲೆ ಮಾತಿನಲ್ಲಿ ತಿಳಿಯಿತು. ಅವರ ಇಂಗ್ಲಿಷು ನನಗೆ ಅರ್ಥವಾದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

"ಏನೇನು ತಂದಿದ್ದೀರಿ?"

"ಎಲ್ಲವನ್ನೂ" ಎಂದೆ.

ಅವರು ಕೈಗವಸು ಎಳೆದುಕೊಂಡು, ಹಾಗಾದರೆ ಶುರು ಮಾಡೋಣ ಎಂದರು.

ಕೋಡುಬಳೆಯನ್ನು ಮುರಿದು ನೋಡಿ, ಕರಿದದ್ದು, ಪರವಾಗಿಲ್ಲ ಎಂದು ಆಚೆ ಸರಿಸಿದರು. ತುಪ್ಪದ ಡಬ್ಬಿ ಎತ್ತಿ, ಮನೆಯಲ್ಲಿ ಕಾಯಿಸಿದ್ದೇ ಎಂದು ಕೇಳಿದರು. ಹೌದೆಂದೆ. ತುಪ್ಪ ಹೋಯಿತು. ಡಬ್ಬಿಯಾದರೂ ಕೊಡಿ, ನನ್ನ ಅಂಗಡಿಯದು ಎಂದರೆ ಡಬ್ಬಿಯೂ ಹೋಯಿತು. ಜುಟ್ಟಿನ ತೆಂಗಿನಕಾಯಿ ಮಾತಿಲ್ಲದೆ ಹೋಯಿತು. ಅರಿಶಿನದ ಕೊಂಬನ್ನು ಎರಡು ಬೆರಳಲ್ಲಿ ಹಿಡಿದು ಚಟ್ಟನೆ ಮುರಿದು, ಒಳಗೆ ಹಸಿಯಿಲ್ಲವೆಂದು ನೋಡಿ ಬಿಟ್ಟರು. ಒಂದೊಂದು ಪದಾರ್ಥ ಉಳಿದಾಗಲೂ ಸರೋಜ ನನ್ನ ಪಕ್ಕೆ ತಿವಿಯುತ್ತಿದ್ದಳು. ಒಂದೊಂದು ಹೋದಾಗಲೂ ತಿವಿಯುತ್ತಿದ್ದಳು. ನನ್ನ ಪಕ್ಕೆಗೆ ವ್ಯತ್ಯಾಸ ತಿಳಿಯಲಿಲ್ಲ.

ಪಕ್ಕದ ಮೇಜಿನಲ್ಲಿ ಬೆಟ್ಟ ಹತ್ತುವ ಒಬ್ಬ ಯುವಕನ ಬೂಟುಗಳನ್ನು ಮಣ್ಣಿದೆ ಎಂದು ಒಳಗೆ ಒಯ್ದಿದ್ದರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಅಧಿಕಾರಿ ಅವನ್ನು ಥಳಥಳ ತೊಳೆದು ತಂದು ಅವನ ಕೈಗೆ ಕೊಟ್ಟರು. ಬಂದವರ ಪಾದರಕ್ಷೆ ತೊಳೆದುಕೊಡುವ ಸರ್ಕಾರವನ್ನು ನಾನು ಕಂಡದ್ದು ಅದೇ ಮೊದಲು. ಗೊತ್ತಿದ್ದರೆ ಹೊಲಕ್ಕೆ ಹಾಕಿಕೊಂಡು ಹೋದ ನನ್ನ ಹಳೆಯ ಚಪ್ಪಲಿಯನ್ನೂ ತರುತ್ತಿದ್ದೆ.

ಅರಿಶಿನದ ಪುಡಿಯ ಬಳಿ ಮೆರೆ ಅವರ ಕೈ ನಿಂತಿತು. ಹೆಸರಿಲ್ಲ, ಮುದ್ರೆಯಿಲ್ಲ, ಬಟ್ಟೆಯ ಚೀಲದಲ್ಲಿ ಹಳದಿ ಪುಡಿ. ಇನ್ನೊಬ್ಬರನ್ನು ಕರೆದರು. ಇಬ್ಬರೂ ಸೇರಿ ಮೂಸಿದರು, ಚಿಟಿಕೆಯಷ್ಟನ್ನು ಒಯ್ದು ಯಂತ್ರಕ್ಕೆ ಕೊಟ್ಟರು. ಅವ್ವ ಕುಟ್ಟಿದ ಆ ಅರಿಶಿನವನ್ನೇ ಅಕ್ಕ ಮಗಳಿಗೆ ಹಚ್ಚಬೇಕಾಗಿತ್ತು.

"ಇದು ತಿನ್ನುವುದಕ್ಕೋ?"

"ಅಲ್ಲ. ಮದುವಣಗಿತ್ತಿಗೆ ಹಚ್ಚುವುದಕ್ಕೆ. ನನ್ನ ತಾಯಿ ಕುಟ್ಟಿ ಕೊಟ್ಟದ್ದು."

ಯಂತ್ರದಲ್ಲೂ ದೋಷ ಕಾಣಲಿಲ್ಲ. ಮೆರೆ ಅವರು ಚೀಲದ ಬಾಯನ್ನು ಮೊದಲಿದ್ದ ಹಾಗೆಯೇ ಗಂಟು ಹಾಕಿ ನನ್ನ ಕಡೆ ತಳ್ಳಿದರು. ಬಾಸಿಂಗವನ್ನು ಭೂತಗನ್ನಡಿಯಲ್ಲಿ ಹುಳ ಹುಡುಕಿ ನೋಡಿ, ಅದನ್ನೂ ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು. ನನಗೆ ಅಲ್ಲೇ ಒಂದು ಕುಣಿತ ಕುಣಿಯೋಣ ಅನ್ನಿಸಿತು.

ಕೊನೆಗೆ ಪಂಚೆ ಬಿಚ್ಚಿದರು. ಅತ್ತಿಯ ಕೊಂಬೆ ಆ ಬೆಳಕಿನಲ್ಲಿ ಹಸಿರಾಗಿ ಮಲಗಿತ್ತು. ಒಂದು ಕಣ್ಣಿನಲ್ಲಿ ಚಿಗುರು ಬೇರೆ ಒಡೆದಿತ್ತು. ಮೆರೆ ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ಇದೇನು?"

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಕೇಳಿ ಬೆಳೆದವನು ನಾನು. ಹೇಳಿ ಪ್ರಯೋಜನವಿಲ್ಲ ಎಂಬುದಕ್ಕೆ ನಾವು ಕೊಡುವ ಉದಾಹರಣೆಯೇ ಅದು. ಆದರೂ ಹೇಳಿದೆ. ಗಿರಾಕಿಗಳ ಜೊತೆ ಆಡಿ ಕಲಿತ ಹರಕು ಇಂಗ್ಲಿಷಿನಲ್ಲಿ ಅಕ್ಕನನ್ನು ಹೇಳಿದೆ, ಭಾವ ಹೋದದ್ದನ್ನು ಹೇಳಿದೆ, ಆಚೆ ಕೂತ್ಕೊಳಿ ಎಂದ ದೊಡ್ಡಮ್ಮನನ್ನು ಹೇಳಿದೆ, ತಾಯಿಯ ತಮ್ಮ ತರಬೇಕಾದ ಹಾಲಿನ ಕಂಬವನ್ನು ಹೇಳಿದೆ. ಹಿಂದೆ ಸಾಲು ಬೆಳೆಯುತ್ತಿತ್ತು. ಅವರು ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ.

"ಇದನ್ನು ನಾನು ಒಳಗೆ ಬಿಡಲಾರೆ" ಎಂದರು ಕೊನೆಗೆ. "ಇದಕ್ಕೆ ಜೀವವಿದೆ. ಇದರೊಳಗೆ ಏನಿದೆಯೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ಅದು ನ್ಯಾಯವೇ. ಇದನ್ನೇನು ಮಾಡುತ್ತೀರಿ, ಕಸಕ್ಕೆ ಹಾಕುತ್ತೀರಾ ಎಂದು ಕೇಳಿದೆ.

"ಇಲ್ಲ. ಚೀಲದಲ್ಲಿ ಮುಚ್ಚಿ ಸುಡುತ್ತೇವೆ."

ಬೆಂಕಿಗೆ ಎಂದ ಮೇಲೆ ನನಗೆ ಅಷ್ಟು ನೋವಾಗಲಿಲ್ಲ. ಒಂದು ನಿಮಿಷ ಕೊಡಿ ಎಂದೆ. ನಾನೂ ಸರೋಜಳೂ ಚಪ್ಪಲಿ ಬಿಟ್ಟು, ಆ ಸ್ಟೀಲು ಮೇಜಿನ ಮೇಲಿದ್ದ ಹಾಲುಗಂಬಕ್ಕೆ ಕೈ ಮುಗಿದೆವು. ಮೆರೆ ಅವರು ಕೈಗವಸು ತೆಗೆದು, ಎರಡೂ ಕೈ ಮುಂದೆ ಕಟ್ಟಿಕೊಂಡು, ತಲೆ ತಗ್ಗಿಸಿ ನಿಂತರು. ಬೂಟಿನ ಯುವಕನೂ ಟೋಪಿ ತೆಗೆದ.

ಅದನ್ನು ಚೀಲಕ್ಕೆ ಹಾಕಿ ಮುಚ್ಚಿದ ಮೇಲೆ ಅವರು ಕೇಳಿದರು, "ಇದೇ ಮರ ಆಗಬೇಕೋ? ಹಾಲು ಬರುವ ಯಾವ ಮರವಾದರೂ ಆದೀತೋ?"

"ಯಾವುದಾದರೂ ಆದೀತು. ನಾನು ಕಡಿಯಬೇಕು, ಹಾಲು ಬರಬೇಕು."

"ಹಾಗಾದರೆ ಊರ ಪಶ್ಚಿಮಕ್ಕಿರುವ ಹೆಂಡರ್ಸನ್ ಕಡೆ ಹೋಗಿ. ಅಲ್ಲಿಯ ಹಳೆಯ ಮನೆಗಳ ಹಿತ್ತಿಲಲ್ಲಿ ಅಂಜೂರದ ಮರಗಳಿವೆ. ಚಿಕ್ಕವಳಿದ್ದಾಗ ಹಣ್ಣು ಕದಿಯಲು ಹೋಗಿ, ಅದರ ಹಾಲು ತಗಲಿ ನನ್ನ ಕೈಯೆಲ್ಲ ಕೆರೆತ ಬಂದಿತ್ತು." ಅವರು ಮೊದಲ ಸಲ ಬಾಯಿತುಂಬ ನಕ್ಕರು. "ನಮ್ಮ ಕಡೆಯೂ ಮಾವಂದಿರು ಬರಿಗೈಯಲ್ಲಿ ಬಂದರೆ ಅಜ್ಜಿ ಒಳಗೆ ಬಿಡುತ್ತಿರಲಿಲ್ಲ. ನೀವು ಹೋಗಿ ಹುಡುಕಿ."

ಅಂಜೂರ! ಅತ್ತಿಯ ಖಾಸಾ ತಮ್ಮ! ದಂಡವಿಲ್ಲ, ಬೈಗುಳವಿಲ್ಲ, ಮೇಲಾಗಿ ದಾರಿಯನ್ನೂ ತೋರಿಸಿ ಕಳಿಸಿದರು. ಗಾದೆ ಕಟ್ಟಿದ ನಮ್ಮ ಹಿರಿಯರು ಈ ಮೇಜಿನವರೆಗೆ ಬಂದಿರಲಿಲ್ಲ. ನಾನು ತಳ್ಳುಗಾಡಿಯನ್ನು ಜಂಬೂ ಸವಾರಿಯ ಹಾಗೆ ನಡೆಸಿಕೊಂಡು ಹೊರಗೆ ಬಂದೆ.

ಹೊರಗೆ ಅಕ್ಕ ನಿಂತಿದ್ದಳು. ಅವಳ ಕಣ್ಣು ನನ್ನ ಮುಖಕ್ಕಿಂತ ಮೊದಲು ಸಾಮಾನಿನ ಮೇಲೆ ಹೋಯಿತು.

"ಕಂಬ ಎಲ್ಲೋ?"

"ನಾಳೆ ತತ್ತೀನಿ" ಎಂದೆ. ಅವಳು ಪಕ್ಕದಲ್ಲಿದ್ದ ಚೈತ್ರಳ ಕೈ ಹಿಡಿದುಕೊಂಡಳು.

ಹೆಂಡರ್ಸನ್: ಬೇಲಿಯಿಲ್ಲದ ಬೀದಿಗಳು

ಆ ಊರಿನ ಬೀದಿಯಲ್ಲಿ ಮನೆಗಳಿಗೆ ಎದೆಯೆತ್ತರದ ಕಾಂಪೌಂಡಿಲ್ಲ, ಗೇಟಿಲ್ಲ, ಹೊರಗೆ ಕೂತು ಹೋಗಿಬರುವವರನ್ನು ವಿಚಾರಿಸುವ ಅಜ್ಜಿಯಿಲ್ಲ. ಹುಲ್ಲು ಕತ್ತರಿಸುವ ಯಂತ್ರದ ಸದ್ದೊಂದೇ. ನಾನೂ ಸರೋಜಳೂ ಮರುದಿನ ಬೆಳಿಗ್ಗೆಯಿಂದ ಬೀದಿ ಬೀದಿ ಸುತ್ತಿ, ಕಂಡವರ ಹಿತ್ತಿಲಿಗೆ ಕತ್ತು ಚಾಚಿದೆವು. ವಿದ್ಯಾರಣ್ಯಪುರಂನಲ್ಲಿ ಹಾಗೆ ಮಾಡಿದ್ದರೆ ಮೂರನೆಯ ಮನೆಯ ಹೊತ್ತಿಗೆ ಜನ ಸೇರುತ್ತಿದ್ದರು. ಇಲ್ಲಿ ಎಲ್ಲರೂ ಕೈ ಬೀಸಿ, ಒಳ್ಳೆಯ ದಿನ ಅಲ್ಲವೇ ಎಂದು ಹವಾಮಾನ ವಿಚಾರಿಸಿದರು.

ಅಲ್ಲಿ ಒಂದು ಪದ್ಧತಿಯಿದೆ. ಹಿತ್ತಿಲಿನ ಹಣ್ಣು ಹೆಚ್ಚಾದರೆ ಪೆಟ್ಟಿಗೆಯಲ್ಲಿ ತುಂಬಿ, ಬೇಕಾದವರು ತೆಗೆದುಕೊಳ್ಳಿ ಎಂದು ಬರೆದು ರಸ್ತೆಯ ಅಂಚಿನಲ್ಲಿ ಇಡುತ್ತಾರೆ. ನಮ್ಮಲ್ಲಿ ಕಾಂಪೌಂಡಿನ ಆಚೆ ಬಾಗಿದ ಸೀಬೆಕೊಂಬೆಯ ಒಂದು ಹಣ್ಣಿಗೆ ಎರಡು ಮನೆಗಳು ಮಾತು ಬಿಡುತ್ತವೆ. ಒಂದು ತಿರುವಿನಲ್ಲಿ ಸರೋಜ ನಿಂತುಬಿಟ್ಟಳು. ಪೆಟ್ಟಿಗೆಯ ತುಂಬ ಅಂಜೂರ.

ಬಾಗಿಲು ತೆಗೆದವರು ಚಡ್ಡಿ ಹಾಕಿದ ಎತ್ತರದ ಮುದುಕರು, ಹೆಸರು ಇವಾನ್. ಹಣ್ಣು ಎಷ್ಟು ಬೇಕಾದರೂ ಒಯ್ಯಿರಿ ಎಂದರು. ಹಣ್ಣಲ್ಲ, ಒಂದು ಕೊಂಬೆ ಬೇಕು ಎಂದಾಗ ಮುಖ ಬಿಗಿಯಿತು. ಮದುವೆಯ ಕಥೆ ಹೇಳಿದೆ. ಅವರು ನಮ್ಮನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಮರ ತೋರಿಸಿದರು. ಹಬ್ಬಿ ನಿಂತ ಹಳೆಯ ಮರ. ಅವರ ತಂದೆ ಯುರೋಪಿನ ಕ್ರೊಯೇಷಿಯಾದ ಕಡಲ ತೀರದಿಂದ ಹಡಗಿನಲ್ಲಿ ಬರುವಾಗ, ಗೇಣುದ್ದದ ಕಡ್ಡಿಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ತಂದು ನೆಟ್ಟದ್ದಂತೆ. ಆ ಕಾಲದಲ್ಲಿ ಕೇಳುವವರು ಇರಲಿಲ್ಲವಂತೆ. ನಾನು ಆ ಮರಕ್ಕೂ ಕೈ ಮುಗಿದೆ.

"ಕೊಡುತ್ತೇನೆ" ಎಂದರು ಇವಾನ್. "ಆದರೆ ನಾನೇ ಕತ್ತರಿಸುತ್ತೇನೆ. ಈ ಮರಕ್ಕೆ ನಮ್ಮ ಮನೆಯವರ ಕೈ ಬಿಟ್ಟು ಬೇರೆಯವರ ಗರಗಸ ಬಿದ್ದಿಲ್ಲ."

"ನಾನೇ ಕಡಿಯಬೇಕು" ಎಂದೆ. "ಇಲ್ಲದಿದ್ದರೆ ಅದು ಹಾಲುಗಂಬವಾಗುವುದಿಲ್ಲ."

ಅವರು ಆಗದೆಂದು ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಅವರದು ಒಂದು ಶಾಸ್ತ್ರ, ನನ್ನದು ಒಂದು ಶಾಸ್ತ್ರ, ನಡುವೆ ಮರ. ನಾನು ಕೊಂಬೆಯಿಲ್ಲದೆ ಹಿಂತಿರುಗುವ ದಾರಿಯನ್ನು ಮನಸ್ಸಿನಲ್ಲೇ ನಡೆಯುತ್ತಿದ್ದೆ. ಅಲ್ಲಿಯವರೆಗೆ ಇಂಗ್ಲಿಷಿನ ಭಯಕ್ಕೆ ಬಾಯಿ ತೆರೆಯದಿದ್ದ ಸರೋಜ ಅಚ್ಚ ಕನ್ನಡದಲ್ಲಿ ಸಿಡಿದಳು.

"ಇಬ್ರೂ ಒಂದೊಂದ್ ಕಡೆ ಹಿಡ್ಕೊಂಡು ಕುಯ್ರಿ ಅತ್ಲಾಗೆ! ಇದಕ್ಯಾಕಿಷ್ಟು ಪಂಚಾಯ್ತಿ!"

ಎರಡೂ ಕೈಯಲ್ಲಿ ಗರಗಸ ಎಳೆದು ತೋರಿಸಿದಳು. ಇವಾನ್ ಅವರಿಗೆ ಅನುವಾದ ಬೇಕಾಗಲಿಲ್ಲ. ಗಟ್ಟಿಯಾಗಿ ನಕ್ಕು ಒಳಗೆ ಹೋಗಿ ಎರಡು ಹಿಡಿಯ ಉದ್ದ ಗರಗಸ ತಂದರು. ಅವರು ಆ ಕಡೆ, ನಾನು ಈ ಕಡೆ. ಕೊಂಬೆ ಕೈಗೆ ಬರುವಾಗ ಬೆಳ್ಳಗಿನ ಹಾಲು ಇಬ್ಬರ ಮಣಿಕಟ್ಟಿನ ಮೇಲೂ ಇಳಿಯಿತು. ಸರೋಜ ಆ ಬೀದಿಯಲ್ಲಿ ಯಾರೂ ಕೇಳಿರದಂಥ ಒಂದು ಸೋಬಾನೆ ಎತ್ತಿದಳು. ಹುಲ್ಲು ಕತ್ತರಿಸುತ್ತಿದ್ದ ಪಕ್ಕದ ಮನೆಯವರು ಯಂತ್ರ ನಿಲ್ಲಿಸಿ ಕೇಳಿದರು.

ಚಪ್ಪರದ ದಿನ

ಚೈತ್ರಳ ಮನೆಯ ಕಾರು ನಿಲ್ಲಿಸುವ ಜಾಗವೇ ಚಪ್ಪರ. ನೆಲಕ್ಕೆ ಕಾಂಕ್ರೀಟು, ಅದಕ್ಕೆ ದೊಡ್ಡ ಬಕೆಟ್ಟಿನಲ್ಲಿ ಮಣ್ಣು ತುಂಬಿ ಕಂಬ ನೆಡಲು ಸಿದ್ಧ ಮಾಡಿದ್ದೆವು. ಬೀಗರ ಕಡೆಯವರು ಬಂದು ಕೂತರು. ನಡುವೆ ದೊಡ್ಡಮ್ಮ, ದೊಡ್ಡಂಚಿನ ರೇಷ್ಮೆ ಸೀರೆ, ಕೈಯಲ್ಲಿ ಊರುಗೋಲು. ಅಕ್ಕ ಬಾಗಿಲ ಬಳಿ ನಿಂತಿದ್ದಳು, ಒಳಗೂ ಅಲ್ಲ, ಹೊರಗೂ ಅಲ್ಲ.

ನಾನು ಕಂಬವನ್ನು ಹೆಗಲ ಮೇಲಿಟ್ಟುಕೊಂಡು ಬಂದೆ. ದೊಡ್ಡಮ್ಮ ಎಲೆ ಮುಟ್ಟಿ ನೋಡಿದರು.

"ಇದು ಅಂಜೂರ ಅಲ್ವಾ? ಊರಿಂದ ಕಂಬ ತತ್ತಾರೆ ಅಂದಿದ್ರಲ್ಲ, ಎಲ್ಲಿ?"

ಸರೋಜ ನನ್ನ ಕಿವಿಯಲ್ಲಿ, "ಊರಿಂದ್ಲೇ ತಂದಿದ್ದು ಅಂದ್ಬುಡಿ" ಎಂದಳು. ಆದರೆ ಎಲ್ಲವನ್ನೂ ಹೇಳುವ ಚಟ ನನಗೆ ಹಿಡಿದುಬಿಟ್ಟಿತ್ತು. ಅತ್ತಿಯ ಕೊಂಬೆಯನ್ನು ತಂದದ್ದು, ಮೇಜಿನ ಮೇಲೆ ನಾನಾಗಿಯೇ ಇಟ್ಟದ್ದು, ಅದು ಬೆಂಕಿಗೆ ಹೋದದ್ದು, ಅಧಿಕಾರಿಯಮ್ಮ ದಾರಿ ತೋರಿಸಿದ್ದು, ಬೇರೆ ದೇಶದ ಮುದುಕರೊಬ್ಬರ ಜೊತೆ ಗರಗಸ ಎಳೆದದ್ದು, ಒಂದೂ ಬಿಡದೆ ಹೇಳಿದೆ. ಇವಾನ್ ಅವರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದರು, ಎದ್ದು ಎಲ್ಲರಿಗೂ ತಲೆಬಾಗಿದರು.

"ಅಂದ್ರೆ ಇದು ನಿಮ್ ತವರಿನ ಮರ ಎಂಗಾಯ್ತದೆ?" ಎಂದರು ದೊಡ್ಡಮ್ಮ.

ಬಾಗಿಲ ಬಳಿಯಿಂದ ಅಕ್ಕ ಮುಂದೆ ಬಂದಳು. ಒಂದು ಎಲೆ ಕಿತ್ತಳು. ತೊಟ್ಟಿನಲ್ಲಿ ಹಾಲಿನ ಹನಿ ಕೂತಿತು. ಅದನ್ನು ದೊಡ್ಡಮ್ಮನ ಮುಂದೆ ಹಿಡಿದಳು.

"ಮರ ಯಾರ್ದಾರ ಆಗ್ಲಿ ದೊಡ್ಡಮ್ಮ. ಕಡ್ದ ಕೈ ನನ್ ತವರಿಂದು. ಬಚ್ಚಿಟ್ಕೊಂಡು ಬಂದಿಲ್ಲ, ನನ್ ತಮ್ಮ ಹೇಳಿ ತಂದವ್ನೆ. ನಾನೂ ಹೇಳೇ ಮಾಡ್ತೀನಿ."

ನಾನು ಕಂಬ ನೆಟ್ಟೆ. ಪೂಜೆಯಾಯಿತು. ಅಕ್ಕ ಅವ್ವನ ಅರಿಶಿನವನ್ನು ಬಟ್ಟಲಿನಲ್ಲಿ ಕಲಸಿ, ಯಾರ ಮುಖವನ್ನೂ ನೋಡದೆ, ಮಣೆಯ ಮೇಲೆ ಕೂತ ಮಗಳ ಮುಂದೆ ಮಂಡಿಯೂರಿದಳು. ಬೆರಳು ಅದ್ದಿ ಚೈತ್ರಳ ಬಲಗೆನ್ನೆಗೆ ಹಚ್ಚಿದಳು. ಹಚ್ಚುತ್ತಲೇ ಕಣ್ಣು ತುಂಬಿ ಬಂದು, ಅವಳ ಕೈ ಹಾಗೇ ನಿಂತುಹೋಯಿತು.

ಊರುಗೋಲು ಕಾಂಕ್ರೀಟಿಗೆ ತಗಲುವ ಸದ್ದಾಯಿತು. ದೊಡ್ಡಮ್ಮ ಎದ್ದು ಬಂದು, ಅರಿಶಿನದ ಬಟ್ಟಲನ್ನು ತಾವೇ ಎತ್ತಿ ಅಕ್ಕನ ಕೈಯ ಹತ್ತಿರ ಹಿಡಿದರು.

"ಅರಿಶಿನ ಅಚ್ಚವ್ವ, ನಿಲ್ಲುಸ್ಬೇಡ. ಆ ಕಡೆ ಕೆನ್ನೆ ಅಂಗೇ ಉಳ್ಕತು."